ಖಾಲಿಯಾದ ಡೇಟಾಸ್ಟೋರ್ ಒಂದೇ ಒಂದು ಹೋಸ್ಟ್‌ನಿಂದ ಅನ್‌ಮೌಂಟ್ ಆಗುತ್ತಿಲ್ಲ: ಹಿಡಿದುಕೊಂಡಿರುವುದು ಯಾರು?

ಅರ್ಧರಾತ್ರಿಪಾಳಿ

ಎಲ್ಲರಿಗೂ ನಮಸ್ಕಾರ. ವಿಎಂವೇರ್‌ನ ಹೈಪರ್‌ವೈಸರ್ ಆದ ಇಎಸ್‌ಎಕ್ಸ್‌ಐ 7.0 ನಡೆಯುತ್ತಿರುವ ಮೂರು ಹೋಸ್ಟ್‌ಗಳ (ವಿಎಂಗಳನ್ನು, ಅಂದರೆ ವರ್ಚುವಲ್ ಯಂತ್ರಗಳನ್ನು, ನಡೆಸುವ ಸರ್ವರ್‌ಗಳ) ಕ್ಲಸ್ಟರೊಂದನ್ನು ನಾನು ನೋಡಿಕೊಳ್ಳುತ್ತೇನೆ. ಹಳೆಯ ಸ್ಟೋರೇಜ್ ಅರೇಯನ್ನು ಸೇವೆಯಿಂದ ತೆಗೆಯಬೇಕಾಗಿರುವುದರಿಂದ ಅದರಲ್ಲಿದ್ದ ವಿಎಂಗಳನ್ನೆಲ್ಲ ಸ್ಟೋರೇಜ್ ವಿಮೋಷನ್ ಮೂಲಕ ಹೊಸ ಅರೇಗೆ ಸಾಗಿಸಿಯಾಗಿದೆ. ನಿರ್ವಹಣಾ ತಂತ್ರಾಂಶವಾದ ವಿಸೆಂಟರ್‌ನಲ್ಲಿ ಆ ಅರೇಯ ಮೇಲಿನ ಡೇಟಾಸ್ಟೋರ್ (ವಿಎಂಗಳ ಫೈಲ್‌ಗಳನ್ನಿಡುವ ಜಾಗ) ತೆರೆದು ನೋಡಿದರೆ ಒಂದೂ ವಿಎಂ ಇಲ್ಲ, ಟೆಂಪ್ಲೇಟ್ ಇಲ್ಲ, ಯಾವ ವಿಎಂನ ಸಿಡಿ ಡ್ರೈವ್‌ಗೂ ಅಲ್ಲಿನ ಐಎಸ್‌ಒ ಜೋಡಣೆಯಾಗಿಲ್ಲ. ಡೇಟಾಸ್ಟೋರ್ ಕ್ಲಸ್ಟರ್‌ನಿಂದ ಅದನ್ನು ಹೊರತೆಗೆದಿದ್ದೇನೆ, ಸ್ಟೋರೇಜ್ ಐಒ ಕಂಟ್ರೋಲ್ ಆಫ್ ಮಾಡಿದ್ದೇನೆ, ಎಚ್‌ಎ (ಹೋಸ್ಟ್ ಕುಸಿದರೆ ಅದರ ವಿಎಂಗಳನ್ನು ಬೇರೆ ಹೋಸ್ಟ್‌ನಲ್ಲಿ ಏಳಿಸುವ ವ್ಯವಸ್ಥೆ) ಹೋಸ್ಟ್ ಜೀವಂತವಿದೆಯೇ ಎಂದು ನೋಡಲು ಬಳಸುವ ಹಾರ್ಟ್‌ಬೀಟ್ ಪಟ್ಟಿಯಿಂದಲೂ ಕೈಬಿಟ್ಟಿದ್ದೇನೆ.

ಇಷ್ಟಾದ ಮೇಲೂ, ಮೊದಲೆರಡು ಹೋಸ್ಟ್‌ಗಳಿಂದ ಸಲೀಸಾಗಿ ಅನ್‌ಮೌಂಟ್ ಆದ ಡೇಟಾಸ್ಟೋರ್ ಮೂರನೆಯದರಿಂದ ಬಿಡಿಸಿಕೊಳ್ಳಲು ಒಪ್ಪುತ್ತಿಲ್ಲ. ಫೈಲ್ ಸಿಸ್ಟಂ ಬಳಕೆಯಲ್ಲಿದೆ, ಸಮಸ್ಯೆ ಸರಿಪಡಿಸಿ ಮತ್ತೆ ಪ್ರಯತ್ನಿಸಿ ಎಂಬ ಸಂದೇಶ ಬರುತ್ತದೆಯೇ ಹೊರತು, ಬಳಸುತ್ತಿರುವವರು ಯಾರು ಎಂಬುದನ್ನು ಅದು ಹೇಳುವುದಿಲ್ಲ. ಸ್ಟೋರೇಜ್ ತಂಡದವರು, ‘ಒಳಗೆ ಏನೂ ಇಲ್ಲವಲ್ಲ, ನಮ್ಮ ಕಡೆಯಿಂದಲೇ ಲನ್ (ಅರೇ ಹೋಸ್ಟ್‌ಗೆ ಕೊಟ್ಟಿರುವ ಡಿಸ್ಕ್ ಭಾಗ) ತೆಗೆದುಬಿಡುತ್ತೇವೆ, ಹೋಸ್ಟ್ ತಾನಾಗಿ ಮರೆತುಬಿಡುತ್ತದೆ’ ಎನ್ನುತ್ತಿದ್ದಾರೆ. ಈ ಹೋಸ್ಟ್‌ನ ಮೇಲೆ ಹೊಸ ಅರೇಯ ವಿಎಂಗಳು ಈಗಲೂ ನಡೆಯುತ್ತಿವೆ. ಅವರು ಹೇಳಿದಂತೆ ಮಾಡಬಹುದೇ?

ಮರುಚಾಲನೆ

ಮೇಂಟೆನೆನ್ಸ್ ಮೋಡ್‌ಗೆ ಹಾಕಿ ರೀಬೂಟ್ ಮಾಡಿ. ಬೇರೇನೂ ಬೇಡ.

ಲಾಗ್‌ಓದುಗ

ಮೇಲಿನ ಸಲಹೆಗೆ ಆಮೇಲೆ ಬರುತ್ತೇನೆ. ಮೊದಲು ಮಾಡಬೇಕಾದ ಕೆಲಸವೆಂದರೆ ಸ್ಟೋರೇಜ್ ತಂಡದವರನ್ನು ತಡೆಯುವುದು. ಹೋಸ್ಟ್ ಇನ್ನೂ ಹಿಡಿದುಕೊಂಡಿರುವ ಲನ್ ಅನ್ನು ಆ ಕಡೆಯಿಂದ ತೆಗೆದರೆ ಹೋಸ್ಟ್ ಅದನ್ನು ಮರೆಯುವುದಿಲ್ಲ, ಹುಡುಕುತ್ತಲೇ ಇರುತ್ತದೆ.

ಇಲ್ಲಿ ಎರಡು ಸ್ಥಿತಿಗಳನ್ನು ಬೇರ್ಪಡಿಸಿ ನೋಡಬೇಕು. ಒಂದನ್ನು ಪಿಡಿಎಲ್ ಎನ್ನುತ್ತಾರೆ, ಅಂದರೆ ಡಿವೈಸ್ ಶಾಶ್ವತವಾಗಿ ಹೋಗಿದೆ ಎಂದು ಅರೇಯೇ ಸ್ಕಸಿ ಸೆನ್ಸ್ ಕೋಡ್ ಮೂಲಕ ತಿಳಿಸುವ ಸ್ಥಿತಿ. ಆಗ ಹೋಸ್ಟ್ ಆ ಡಿವೈಸ್‌ಗೆ ಐಒ (ಓದು-ಬರಹದ ಕೋರಿಕೆ) ಕಳಿಸುವುದನ್ನು ನಿಲ್ಲಿಸುತ್ತದೆ. ಇನ್ನೊಂದು ಎಪಿಡಿ, ಅಂದರೆ ಎಲ್ಲ ದಾರಿಗಳೂ ಮುಚ್ಚಿಹೋಗಿ, ಏನಾಯಿತೆಂದು ಹೇಳುವವರೇ ಇಲ್ಲದ ಸ್ಥಿತಿ. ಇದರಲ್ಲಿ ಸಂಪರ್ಕ ಮರಳಿ ಬಂದೀತು ಎಂಬ ನಿರೀಕ್ಷೆಯಿಂದ ಹೋಸ್ಟ್ ಪ್ರಯತ್ನ ಮುಂದುವರಿಸುತ್ತದೆ. ಡೀಫಾಲ್ಟ್ ಆಗಿ 140 ಸೆಕೆಂಡುಗಳ ಗಡುವು ಮುಗಿದ ಬಳಿಕ ವಿಎಂಗಳದ್ದಲ್ಲದ ಐಒಗಳನ್ನು ಅದು ವಿಫಲವೆಂದು ಹಿಂದಿರುಗಿಸುತ್ತದೆ. ಈ ಗಡುವಿನ ವ್ಯವಸ್ಥೆ ಬಂದದ್ದು 5.1 ಆವೃತ್ತಿಯಲ್ಲಿ. ಅದಕ್ಕೂ ಹಿಂದಿನ ಆವೃತ್ತಿಗಳಲ್ಲಿ ಹೋಸ್ಟ್‌ನ ನಿರ್ವಹಣೆ ನೋಡಿಕೊಳ್ಳುವ ಹೋಸ್ಟ್‌ಡಿ ಸೇವೆಯೇ ಸಿಕ್ಕಿಹಾಕಿಕೊಂಡು, ವಿಸೆಂಟರ್‌ನಲ್ಲಿ ಹೋಸ್ಟ್ ಸ್ಪಂದಿಸುತ್ತಿಲ್ಲ ಎಂದು ತೋರುವುದು ಸಾಮಾನ್ಯವಾಗಿತ್ತು.

ಜೋನಿಂಗ್ (ಹೋಸ್ಟ್ ಮತ್ತು ಅರೇ ಪರಸ್ಪರ ಮಾತಾಡಲು ಸ್ವಿಚ್‌ನಲ್ಲಿ ಕೊಟ್ಟ ಅನುಮತಿ) ಮೊದಲು ಕತ್ತರಿಸಿದರೆ ಅರೇಗೆ ಉತ್ತರ ಕೊಡುವ ಅವಕಾಶವೇ ಇರುವುದಿಲ್ಲ, ನೇರವಾಗಿ ಎಪಿಡಿಗೆ ಬೀಳುತ್ತೀರಿ. ಅರೇಯಲ್ಲಿ ಲನ್ ಅನ್ನು ಹೋಸ್ಟ್‌ಗೆ ಜೋಡಿಸುವ ಮ್ಯಾಪಿಂಗ್ ಮಾತ್ರ ತೆಗೆದರೆ ಪಿಡಿಎಲ್ ಬರಬಹುದು. ಆದರೂ ತೆರೆದ ಫೈಲ್‌ಗಳು ಉಳಿದಿದ್ದರೆ ಡಿವೈಸ್ ಪಟ್ಟಿಯಿಂದ ಹೋಗದೆ ಸತ್ತ ದಾರಿಗಳೊಂದಿಗೆ ಅಲ್ಲೇ ನಿಲ್ಲುತ್ತದೆ. ಬಳಕೆಯಲ್ಲಿದೆ ಎಂದು ಹೋಸ್ಟ್ ಹೇಳುತ್ತಿರುವಾಗ ಅದರ ಮಾತನ್ನು ನಂಬಿ, ಬಳಸುತ್ತಿರುವವರನ್ನು ಹುಡುಕುವುದೇ ಸರಿಯಾದ ದಾರಿ.

ಬ್ಲಾಕ್‌ಬಳಗ

ಸ್ಟೋರೇಜ್ ತಂಡದವರನ್ನು ಇಷ್ಟು ಸುಲಭವಾಗಿ ಖಳನಾಯಕರನ್ನಾಗಿ ಮಾಡಬೇಡಿ. ನಮಗೆ ಬರುವ ಕೋರಿಕೆಯಲ್ಲಿ ‘12ನೆಯ ಲನ್ ತೆಗೆಯಿರಿ’ ಎಂಬ ಒಂದು ಸಾಲು ಮಾತ್ರ ಇರುತ್ತದೆ. ಅನ್‌ಮೌಂಟ್ ಆಯಿತೇ, ಡಿಟ್ಯಾಚ್ ಆಯಿತೇ ಎಂಬುದನ್ನು ಯಾರೂ ಬರೆದಿರುವುದಿಲ್ಲ. ಲನ್ ಸಂಖ್ಯೆ ಒಂದೊಂದು ಹೋಸ್ಟ್‌ಗೆ ಒಂದೊಂದು ಆಗಿರಬಹುದು ಎಂಬುದು ಕೋರಿಕೆ ಕಳಿಸುವವರಲ್ಲಿ ಹಲವರಿಗೆ ತಿಳಿದಿರುವುದಿಲ್ಲ.

ಲಾಗ್‌ಓದುಗ

ಒಪ್ಪುತ್ತೇನೆ. ಆದ್ದರಿಂದ ಅರ್ಧರಾತ್ರಿಪಾಳಿಯವರೇ, ‘ಇಎಸ್‌ಎಕ್ಸ್‌ಸಿಎಲ್‌ಐ ಸ್ಟೋರೇಜ್ ವಿಎಂಎಫ್‌ಎಸ್ ಎಕ್ಸ್‌ಟೆಂಟ್ ಲಿಸ್ಟ್’ ಎಂಬ ಆದೇಶ ಓಡಿಸಿ, ಡೇಟಾಸ್ಟೋರ್‌ನ ಹೆಸರಿಗೆ ಹೊಂದುವ ಎನ್‌ಎಎ ಗುರುತನ್ನು (ಎಲ್ಲ ಹೋಸ್ಟ್‌ಗಳಲ್ಲೂ ಒಂದೇ ಆಗಿರುವ ಡಿವೈಸ್ ಗುರುತು) ಬರೆದಿಟ್ಟುಕೊಳ್ಳಿ. ಸ್ಟೋರೇಜ್ ತಂಡಕ್ಕೆ ಕೊಡಬೇಕಾದದ್ದು ಆ ಗುರುತನ್ನು, ಲನ್ ಸಂಖ್ಯೆಯನ್ನಲ್ಲ. ಒಂದು ಡೇಟಾಸ್ಟೋರ್ ಒಂದಕ್ಕಿಂತ ಹೆಚ್ಚು ಲನ್‌ಗಳ ಮೇಲೆ ಹರಡಿದ್ದರೆ ಅದೂ ಇದೇ ಪಟ್ಟಿಯಲ್ಲಿ ಕಾಣುತ್ತದೆ.

ಹೊಸಬ_ಅಡ್ಮಿನ್

ಕ್ಷಮಿಸಿ, ಮೂಲಭೂತ ಪ್ರಶ್ನೆ. ಅನ್‌ಮೌಂಟ್ ಮತ್ತು ಡಿಟ್ಯಾಚ್ ಎರಡೂ ಒಂದೇ ಅಲ್ಲವೇ?

ತಂತಿಜಾಲ

ಅಲ್ಲ. ಅನ್‌ಮೌಂಟ್ ಎನ್ನುವುದು ಫೈಲ್ ಸಿಸ್ಟಂಗೆ ಸಂಬಂಧಿಸಿದ ಕೆಲಸ, ಡಿಟ್ಯಾಚ್ ಎನ್ನುವುದು ಅದರ ಕೆಳಗಿರುವ ಡಿವೈಸ್‌ಗೆ ಸಂಬಂಧಿಸಿದ ಕೆಲಸ. ಅನ್‌ಮೌಂಟ್ ಮಾತ್ರ ಮಾಡಿ ನಿಲ್ಲಿಸಿದರೆ ಹೋಸ್ಟ್‌ಗೆ ಡಿವೈಸ್ ಇನ್ನೂ ಜೀವಂತವಾಗಿಯೇ ಕಾಣುತ್ತದೆ ಮತ್ತು ಅದರ ದಾರಿಗಳನ್ನು ಅದು ಪರೀಕ್ಷಿಸುತ್ತಲೇ ಇರುತ್ತದೆ. ಎಲ್ಲ ಹೋಸ್ಟ್‌ಗಳಲ್ಲೂ ಅನ್‌ಮೌಂಟ್, ಬಳಿಕ ಎಲ್ಲ ಹೋಸ್ಟ್‌ಗಳಲ್ಲೂ ಡಿಟ್ಯಾಚ್, ಅದಾದ ಮೇಲೆ ಅರೇಯ ಕಡೆಯಿಂದ ಮ್ಯಾಪಿಂಗ್ ತೆಗೆಯುವುದು, ಕೊನೆಗೆ ರೀಸ್ಕ್ಯಾನ್. ಈ ಅನುಕ್ರಮ ತಪ್ಪಿದರೆ ಮೇಲೆ ವಿವರಿಸಿದ ಎಪಿಡಿಗೆ ನೀವೇ ಬಾಗಿಲು ತೆರೆದಂತೆ.

ಮೂಲ ಪ್ರಶ್ನೆಗೆ ಬಂದರೆ, ವಿಸಿಎಲ್‌ಎಸ್ ವಿಎಂಗಳನ್ನು ನೋಡಿದ್ದೀರಾ? 7.0ರ ಮೊದಲ ಅಪ್‌ಡೇಟ್‌ನಿಂದ ಈಚೆಗೆ ಕ್ಲಸ್ಟರ್ ತಾನಾಗಿ ಸೃಷ್ಟಿಸಿಕೊಳ್ಳುವ ಈ ಪುಟ್ಟ ವಿಎಂಗಳು ಹೋಸ್ಟ್‌ಗಳ ನೋಟದಲ್ಲಿ ಕಾಣುವುದಿಲ್ಲ. ‘ವಿಎಂಗಳು ಮತ್ತು ಟೆಂಪ್ಲೇಟ್‌ಗಳು’ ಎಂಬ ನೋಟದಲ್ಲಿ ಮಾತ್ರ ಒಂದು ಪ್ರತ್ಯೇಕ ಫೋಲ್ಡರ್‌ನಲ್ಲಿ ಕಾಣುತ್ತವೆ.

ಅರ್ಧರಾತ್ರಿಪಾಳಿ

ನೋಡಿದೆ. ವಿಸಿಎಲ್‌ಎಸ್ ವಿಎಂಗಳೆಲ್ಲ ಹೊಸ ಡೇಟಾಸ್ಟೋರ್‌ನಲ್ಲಿವೆ. ಎಸ್‌ಎಸ್‌ಎಚ್ ಮೂಲಕ ಹಳೆಯ ಡೇಟಾಸ್ಟೋರ್‌ನೊಳಗೆ ಹೋಗಿ, ಅಡಗಿರುವ ಫೈಲ್‌ಗಳೂ ಸೇರುವಂತೆ ಪಟ್ಟಿ ತೆಗೆದಿದ್ದೇನೆ. ಡೇಟಾಸ್ಟೋರ್‌ನ ಫೈಲ್ ಸಿಸ್ಟಂ ಆದ ವಿಎಂಎಫ್‌ಎಸ್‌ನ ಸ್ವಂತ ಫೈಲ್‌ಗಳು, ಅಂದರೆ ಎಸ್‌ಎಫ್ ಎಂದು ಕೊನೆಗೊಳ್ಳುವವು, ಬಿಟ್ಟರೆ ಅಲ್ಲಿರುವುದು ಚುಕ್ಕೆಯಿಂದ ಆರಂಭವಾಗುವ ‘ವಿಸ್ಫಿಯರ್-ಎಚ್‌ಎ’, ‘ಡಿವಿಎಸ್‌ಡೇಟಾ’ ಮತ್ತು ‘ಲಾಕರ್’ ಎಂಬ ಮೂರು ಫೋಲ್ಡರ್‌ಗಳು ಹಾಗೂ ಚುಕ್ಕೆಯಿಲ್ಲದ ‘ವಿಎಂಕೆಡಂಪ್’ ಎಂಬ ಇನ್ನೊಂದು ಫೋಲ್ಡರ್. ಇವುಗಳನ್ನು ಅಳಿಸಿಬಿಡಬಹುದೇ?

ಮರುಚಾಲನೆ

ಅಳಿಸಿ, ರೀಬೂಟ್ ಮಾಡಿ.

ಲಾಗ್‌ಓದುಗ

ದಯವಿಟ್ಟು ಯಾವುದನ್ನೂ ಅಳಿಸಬೇಡಿ. ಬಳಕೆಯಲ್ಲಿರುವ ಫೈಲ್ ಅನ್ನು ಅಳಿಸಲು ಹೋದರೆ ಡಿವೈಸ್ ಅಥವಾ ಸಂಪನ್ಮೂಲ ಕಾರ್ಯನಿರತವಾಗಿದೆ ಎಂಬ ಉತ್ತರ ಬರುತ್ತದೆ, ಅಷ್ಟೇ. ಅದರ ಬದಲು ಒಂದೊಂದಕ್ಕೂ ಒಡೆಯ ಯಾರೆಂದು ನೋಡೋಣ.

‘ವಿಸ್ಫಿಯರ್-ಎಚ್‌ಎ’ ಫೋಲ್ಡರ್ ಎಚ್‌ಎ ಏಜೆಂಟ್‌ನದ್ದು. ಹಾರ್ಟ್‌ಬೀಟ್‌ಗೆ ಆ ಡೇಟಾಸ್ಟೋರ್ ಬಳಕೆಯಾಗುತ್ತಿಲ್ಲವಾದರೆ ಫೋಲ್ಡರ್ ಉಳಿದಿದ್ದರೂ ಅಡ್ಡಿಯಿಲ್ಲ. ‘ಡಿವಿಎಸ್‌ಡೇಟಾ’ ಎನ್ನುವುದು ಡಿಸ್ಟ್ರಿಬ್ಯೂಟೆಡ್ ಸ್ವಿಚ್‌ಗೆ ಜೋಡಣೆಯಾದ ವಿಎಂಗಳ ಪೋರ್ಟ್ ಮಾಹಿತಿ. ವಿಎಂ ಇರುವ ಡೇಟಾಸ್ಟೋರ್‌ನಲ್ಲಿಯೇ ಅದು ಕುಳಿತಿರುತ್ತದೆ ಮತ್ತು ವಿಎಂ ಹೋದ ಮೇಲೂ ಕೆಲವೊಮ್ಮೆ ಹಳಸಲು ಫೈಲ್‌ಗಳು ಉಳಿಯುತ್ತವೆ.

ನನಗೆ ಅನುಮಾನವಿರುವುದು ಉಳಿದ ಎರಡರ ಮೇಲೆ. ‘ವಿಎಂಕೆಡಂಪ್’ನಲ್ಲಿ ಇರುವುದು ಕೋರ್‌ಡಂಪ್ ಫೈಲ್. ಹೋಸ್ಟ್ ನೇರಳೆ ಪರದೆಯೊಂದಿಗೆ ಕುಸಿದುಬಿದ್ದಾಗ ಮೆಮೊರಿಯ ಸ್ಥಿತಿಯನ್ನು ಬರೆದಿಡಲು ಅದು ಮೊದಲೇ ಕಾದಿರಿಸಿಕೊಳ್ಳುವ ಜಾಗ ಇದು. ಹೀಗಾಗಿ ಹೋಸ್ಟ್ ಅದನ್ನು ಸದಾ ತೆರೆದೇ ಇಟ್ಟಿರುತ್ತದೆ. ‘ಲಾಕರ್’ ಸ್ಕ್ರ್ಯಾಚ್ ಜಾಗವಾಗಿರುವ, ಅಂದರೆ ಹೋಸ್ಟ್ ತನ್ನ ಲಾಗ್ ಮತ್ತು ತಾತ್ಕಾಲಿಕ ಫೈಲ್‌ಗಳನ್ನಿಡುವ ಜಾಗವಾಗಿರುವ ಸಾಧ್ಯತೆಯಿದೆ. ಅದಿರಲಿ, ಈ ಮೂರನೆಯ ಹೋಸ್ಟ್ ಬೂಟ್ ಆಗುವುದು ಯಾವುದರಿಂದ?

ಅರ್ಧರಾತ್ರಿಪಾಳಿ

ಮೊದಲೆರಡು ಹೋಸ್ಟ್‌ಗಳಲ್ಲಿ ಒಳಗೇ ಡಿಸ್ಕ್ ಇದೆ. ಮೂರನೆಯದು ಹಳೆಯ ಯಂತ್ರ, ಎಸ್‌ಡಿ ಕಾರ್ಡ್‌ನಿಂದ ಬೂಟ್ ಆಗುತ್ತದೆ. 6.5ರಿಂದ ಮೇಲ್ದರ್ಜೆಗೇರಿಸಿದ್ದು.

ತಂತಿಜಾಲ

ಒಂದು ಹೋಸ್ಟ್ ಮಾತ್ರ ಹಟ ಹಿಡಿಯುತ್ತಿರುವುದಕ್ಕೆ ಕಾರಣ ಇಲ್ಲಿಯೇ ಸಿಕ್ಕಿತು ಎನಿಸುತ್ತದೆ. ಎಸ್‌ಡಿ ಕಾರ್ಡ್ ಮತ್ತು ಯುಎಸ್‌ಬಿಗಳು ಪದೇ ಪದೇ ಬರೆಯುವ ಕೆಲಸವನ್ನು ಹೆಚ್ಚು ಕಾಲ ತಾಳಲಾರವು. ಆದ್ದರಿಂದ ಅಂತಹ ಹೋಸ್ಟ್‌ಗಳಲ್ಲಿ ಲಾಗ್‌ಗಳು, ಡಂಪ್ ಮತ್ತು ತಾತ್ಕಾಲಿಕ ಫೈಲ್‌ಗಳನ್ನು ಯಾವುದಾದರೂ ಡೇಟಾಸ್ಟೋರ್‌ನಲ್ಲಿ ಇಡುವ ವಾಡಿಕೆಯಿದೆ. 7.0ರ ಮೂರನೆಯ ಅಪ್‌ಡೇಟ್ ಹೊತ್ತಿಗೆ ಇವುಗಳನ್ನು ಏಕೈಕ ಬೂಟ್ ಸಾಧನವಾಗಿ ಬಳಸುವುದನ್ನೇ ಹಳತಾದ ಪದ್ಧತಿಯ ಪಟ್ಟಿಗೆ ಸೇರಿಸಲಾಯಿತು. ಬಾಡಿಗೆದಾರರು ಮನೆ ಖಾಲಿ ಮಾಡಿದರೂ ಮಾಲೀಕರ ಸ್ವಂತ ಪೆಟ್ಟಿಗೆ ಅಟ್ಟದ ಮೇಲೆ ಉಳಿದಂತೆ, ವಿಎಂಗಳೆಲ್ಲ ಹೋದ ಮೇಲೂ ಹೋಸ್ಟ್‌ನ ಸಾಮಾನು ಅಲ್ಲಿಯೇ ಇದೆ.

ಕಂಬಿಮೇಲಿನಕಾಗೆ

ವಿಎಂಕೆಎಫ್‌ಎಸ್‌ಟೂಲ್ಸ್ ಆದೇಶಕ್ಕೆ ದೊಡ್ಡಕ್ಷರದ ಡಿ ಆಯ್ಕೆ ಕೊಟ್ಟು ಆ ಫೈಲ್‌ಗಳ ಬೀಗದ ವಿವರ ನೋಡಬಹುದಲ್ಲ? ಒಡೆಯನ ಸಾಲಿನ ಕೊನೆಯ ಭಾಗ ಬೀಗ ಹಾಕಿರುವ ಹೋಸ್ಟ್‌ನ ಮ್ಯಾಕ್ ವಿಳಾಸ.

ಲಾಗ್‌ಓದುಗ

ಯಾವ ಹೋಸ್ಟ್ ಎಂದು ಗೊತ್ತಿಲ್ಲದಿದ್ದಾಗ ಅದು ಒಳ್ಳೆಯ ಉಪಾಯ. ಇಲ್ಲಿ ಹೋಸ್ಟ್ ಯಾವುದೆಂದು ಗೊತ್ತಿದೆ, ಅದರೊಳಗಿನ ಪ್ರಕ್ರಿಯೆ ಯಾವುದೆಂದು ತಿಳಿಯಬೇಕಿದೆ. ಅದಕ್ಕೆ ತೆರೆದಿರುವ ಫೈಲ್‌ಗಳನ್ನು ತೋರಿಸುವ ‘ಎಲ್‌ಎಸ್‌ಒಎಫ್’ ಓಡಿಸಿ, ಬಂದ ಪಟ್ಟಿಯಲ್ಲಿ ಡೇಟಾಸ್ಟೋರ್‌ನ ಯುಯುಐಡಿ (ವ್ಯವಸ್ಥೆಯೇ ಕೊಟ್ಟ ವಿಶಿಷ್ಟ ಗುರುತು) ಹುಡುಕಬೇಕು. ಡೇಟಾಸ್ಟೋರ್‌ಗೆ ನಾವಿಟ್ಟ ಹೆಸರನ್ನು ಹುಡುಕಿದರೆ ಏನೂ ಸಿಗದೆ ಹೋಗಬಹುದು, ಏಕೆಂದರೆ ಆ ಹೆಸರು ಯುಯುಐಡಿಗೆ ಕೊಟ್ಟ ಒಂದು ಕೊಂಡಿ ಮಾತ್ರ. ಜೊತೆಗೆ ‘ಇಎಸ್‌ಎಕ್ಸ್‌ಸಿಎಲ್‌ಐ ಸ್ಟೋರೇಜ್ ಕೋರ್ ಡಿವೈಸ್ ವರ್ಲ್ಡ್ ಲಿಸ್ಟ್’ಗೆ ಎನ್‌ಎಎ ಗುರುತು ಕೊಟ್ಟರೆ ಆ ಡಿವೈಸ್ ಅನ್ನು ಬಳಸುತ್ತಿರುವ ವರ್ಲ್ಡ್‌ಗಳ (ಇಎಸ್‌ಎಕ್ಸ್‌ಐನಲ್ಲಿ ಪ್ರಕ್ರಿಯೆಗಳಿಗೆ ಇರುವ ಹೆಸರು) ಹೆಸರು ಬರುತ್ತದೆ.

ಕೋರ್‌ಡಂಪ್ ವಿಷಯವನ್ನು ಈಗಲೇ ಮುಗಿಸಿಬಿಡಿ. ‘ಇಎಸ್‌ಎಕ್ಸ್‌ಸಿಎಲ್‌ಐ ಸಿಸ್ಟಂ ಕೋರ್‌ಡಂಪ್ ಫೈಲ್ ಲಿಸ್ಟ್’ ಎಂದರೆ ಸಕ್ರಿಯವಾಗಿರುವ ಫೈಲ್ ಎಲ್ಲಿದೆಯೆಂದು ತಿಳಿಯುತ್ತದೆ. ಹಳೆಯ ಡೇಟಾಸ್ಟೋರ್‌ನಲ್ಲಿದ್ದರೆ, ಇದೇ ಗುಂಪಿನ ‘ಸೆಟ್’ ಆದೇಶಕ್ಕೆ ಅನ್‌ಕಾನ್ಫಿಗರ್ ಆಯ್ಕೆ ಕೊಟ್ಟು ಮೊದಲು ಅದನ್ನು ಬಿಡಿಸಿ, ಆಮೇಲೆ ‘ರಿಮೂವ್’ ಮೂಲಕ ತೆಗೆಯಿರಿ. ಅಲ್ಲಿಗೆ ಕೈತೊಳೆದುಕೊಳ್ಳದೆ, ‘ಆ್ಯಡ್’ ಆದೇಶದಿಂದ ಹೊಸ ಡೇಟಾಸ್ಟೋರ್‌ನಲ್ಲಿ ಇನ್ನೊಂದು ಫೈಲ್ ಸೃಷ್ಟಿಸಿ ಅದನ್ನು ಸಕ್ರಿಯಗೊಳಿಸಿ. ಡಂಪ್‌ಗೆ ಜಾಗವೇ ಇಲ್ಲದ ಹೋಸ್ಟ್ ಮುಂದೊಂದು ದಿನ ಕುಸಿದರೆ ಕಾರಣ ಹುಡುಕಲು ಯಾವ ಸಾಕ್ಷ್ಯವೂ ಉಳಿಯುವುದಿಲ್ಲ.

ಅರ್ಧರಾತ್ರಿಪಾಳಿ

ನೀವು ಹೇಳಿದಂತೆಯೇ ಕೋರ್‌ಡಂಪ್ ಫೈಲ್ ಹಳೆಯ ಡೇಟಾಸ್ಟೋರ್‌ನಲ್ಲಿ ಸಕ್ರಿಯವಾಗಿತ್ತು. ಅದನ್ನು ತೆಗೆದು ಹೊಸದರಲ್ಲಿ ಸೃಷ್ಟಿಸಿದೆ. ಆದರೂ ಅನ್‌ಮೌಂಟ್ ಆಗುತ್ತಿಲ್ಲ, ಸಂದೇಶವೂ ಬದಲಾಗಿಲ್ಲ. ‘ಎಲ್‌ಎಸ್‌ಒಎಫ್’ ಪಟ್ಟಿಯಲ್ಲಿ ಈಗ ಎದ್ದು ಕಾಣುವುದು ಲಾಗ್ ಬರೆಯುವ ಸೇವೆಯಾದ ವಿಎಂಸಿಸ್‌ಲಾಗ್‌ಡಿ, ಅದರ ಮುಂದೆ ಹತ್ತಾರು ಲಾಗ್ ಫೈಲ್‌ಗಳ ಹೆಸರಿದೆ. ಹಾಗಾಗಿ ಲಾಗ್ ಫೋಲ್ಡರ್‌ನ ಸೆಟ್ಟಿಂಗ್ ತೆರೆದು ನೋಡಿದೆ. ಅಲ್ಲಿ ಹಳೆಯ ಡೇಟಾಸ್ಟೋರ್‌ನ ಹೆಸರೇ ಇಲ್ಲ, ಸ್ಕ್ರ್ಯಾಚ್‌ನ ಒಳಗಿನ ‘ಲಾಗ್’ ಎಂದಷ್ಟೇ ಇದೆ. ಎರಡು ಕಡೆಯ ಮಾಹಿತಿ ಒಂದಕ್ಕೊಂದು ಹೊಂದುತ್ತಿಲ್ಲ.

ಸ್ಯಾನ್‌ಸಂಗಾತಿ

ಇದು ಸ್ಟೋರೇಜ್‌ಆರ್‌ಎಂ ಸೇವೆಯ ಕೆಲಸ. ಐಒ ಕಂಟ್ರೋಲ್ ಆಫ್ ಮಾಡಿದ ಮೇಲೂ ಅಂಕಿ ಅಂಶ ಸಂಗ್ರಹಿಸುವ ಈ ಸೇವೆ ಡೇಟಾಸ್ಟೋರ್‌ನಲ್ಲಿರುವ ತನ್ನ ಫೈಲ್ ಅನ್ನು ಹಿಡಿದುಕೊಂಡಿರುವುದುಂಟು. ಸೇವೆಯನ್ನು ನಿಲ್ಲಿಸಿ, ಅನ್‌ಮೌಂಟ್ ಮಾಡಿ, ಮತ್ತೆ ಆರಂಭಿಸಿ. ನನ್ನ ಅನುಭವದಲ್ಲಿ ಹೆಚ್ಚಿನ ಸಲ ಇದೇ ಕಾರಣ.

ತಂತಿಜಾಲ

ಸ್ಟೋರೇಜ್‌ಆರ್‌ಎಂ ನಿಜವಾಗಿಯೂ ಅಡ್ಡಬರುವ ಸಂದರ್ಭಗಳಿವೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಪಟ್ಟಿಯಲ್ಲಿ ಕಾಣುತ್ತಿರುವುದು ವಿಎಂಸಿಸ್‌ಲಾಗ್‌ಡಿ. ಕಣ್ಣೆದುರು ಒಬ್ಬರ ಹೆಸರು ಬರೆದಿರುವಾಗ ಬೇರೆಯವರನ್ನು ವಿಚಾರಣೆಗೆ ಕರೆಯುವುದೇಕೆ?

ಎರಡು ಕಡೆಯ ಮಾಹಿತಿಯೂ ಸರಿಯಾಗಿಯೇ ಇದೆ. ‘ಸ್ಕ್ರ್ಯಾಚ್’ ಎನ್ನುವುದು ನಿಜವಾದ ಫೋಲ್ಡರ್ ಅಲ್ಲ, ಬೇರೊಂದು ಜಾಗಕ್ಕೆ ಕಟ್ಟಿದ ಕೊಂಡಿ. ಹೋಸ್ಟ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ ಸ್ಕ್ರ್ಯಾಚ್‌ಕಾನ್ಫಿಗ್ ಎಂದು ಹುಡುಕಿದರೆ ಎರಡು ಸಾಲುಗಳು ಸಿಗುತ್ತವೆ. ‘ಕರೆಂಟ್ ಸ್ಕ್ರ್ಯಾಚ್ ಲೊಕೇಷನ್’ ಎನ್ನುವುದು ಈಗ ಬಳಕೆಯಲ್ಲಿರುವ ಜಾಗ, ‘ಕಾನ್ಫಿಗರ್ಡ್ ಸ್ಕ್ರ್ಯಾಚ್ ಲೊಕೇಷನ್’ ಎನ್ನುವುದು ಮುಂದಿನ ಬೂಟ್‌ನಿಂದ ಬಳಕೆಗೆ ಬರುವ ಜಾಗ. ಮೊದಲನೆಯದು ಹಳೆಯ ಡೇಟಾಸ್ಟೋರ್‌ನ ಯುಯುಐಡಿಯನ್ನೂ ಆ ‘ಲಾಕರ್’ ಫೋಲ್ಡರ್ ಅನ್ನೂ ತೋರಿಸುತ್ತಿರಬೇಕು, ನೋಡಿ ಹೇಳಿ.

ಅರ್ಧರಾತ್ರಿಪಾಳಿ

ಹೌದು, ಎರಡು ಸಾಲುಗಳೂ ಅದನ್ನೇ ತೋರಿಸುತ್ತಿವೆ.

ಮರುಚಾಲನೆ

ಮುಂದಿನ ಬೂಟ್‌ನಿಂದ ಎಂದು ನೀವೇ ಬರೆದಿದ್ದೀರಿ. ಅಂದರೆ ರೀಬೂಟ್ ಬೇಕೇ ಬೇಕು. ಇದನ್ನೇ ನಾನು ಮೊದಲ ಉತ್ತರದಲ್ಲಿ ಹೇಳಿದ್ದು.

ಲಾಗ್‌ಓದುಗ

ನೀವು ಹೇಳಿದಾಗಲೇ ಅವರು ರೀಬೂಟ್ ಮಾಡಿದ್ದರೆ ಏನಾಗುತ್ತಿತ್ತು ಎಂಬುದನ್ನು ಯೋಚಿಸಿ. ಹೋಸ್ಟ್ ಏಳುತ್ತದೆ, ಸ್ಕ್ರ್ಯಾಚ್ ಜಾಗ ಯಾವುದೆಂದು ಸೆಟ್ಟಿಂಗ್ ಓದುತ್ತದೆ, ಅದೇ ಹಳೆಯ ಡೇಟಾಸ್ಟೋರ್‌ಗೆ ಹೋಗಿ ಅದೇ ಫೈಲ್‌ಗಳನ್ನು ತೆರೆಯುತ್ತದೆ. ವಿಎಂಗಳನ್ನು ಅತ್ತಿತ್ತ ಸಾಗಿಸಿದ ಶ್ರಮ ಬಿಟ್ಟರೆ ಬೇರೇನೂ ಸಿಗುತ್ತಿರಲಿಲ್ಲ. ಸೆಟ್ಟಿಂಗ್ ಬದಲಿಸಿದ ಮೇಲೆ ಮಾಡುವ ರೀಬೂಟ್‌ಗೂ ಬದಲಿಸದೆ ಮಾಡುವ ರೀಬೂಟ್‌ಗೂ ಇರುವ ವ್ಯತ್ಯಾಸ ಅದೇ.

ಮರುಚಾಲನೆ

ನಿಮ್ಮ ವಾದ ಈ ಪ್ರಕರಣಕ್ಕೆ ಸರಿ, ಎಲ್ಲ ಪ್ರಕರಣಗಳಿಗೂ ಅಲ್ಲ. ಹೋಸ್ಟ್‌ಡಿ ಎಲ್ಲೋ ಸಿಕ್ಕಿಹಾಕಿಕೊಂಡು ಹಳೆಯ ಹಿಡಿತ ಬಿಡದಿದ್ದಾಗ ಯಾವ ಸೆಟ್ಟಿಂಗ್ ಬದಲಿಸದೆಯೇ ರೀಬೂಟ್ ಕೆಲಸ ಮಾಡುತ್ತದೆ. ವಿಮೋಷನ್ ಇರುವ ಕ್ಲಸ್ಟರ್‌ನಲ್ಲಿ ಹೋಸ್ಟ್ ಒಂದನ್ನು ಖಾಲಿ ಮಾಡಿ ರೀಬೂಟ್ ಮಾಡುವುದು ಯಾರಿಗೂ ತಿಳಿಯದ ಹಾಗೆ ಮುಗಿಯುವ ಕೆಲಸ. ಅರ್ಧ ದಿನ ಪಟ್ಟಿಗಳನ್ನು ಓದುತ್ತಾ ಕೂರುವುದಕ್ಕಿಂತ ಅದು ಮೇಲಲ್ಲವೇ?

ಲಾಗ್‌ಓದುಗ

ಹೋಸ್ಟ್‌ಡಿ ಸಿಕ್ಕಿಹಾಕಿಕೊಂಡಿದ್ದರೆ ಹೋಸ್ಟ್‌ಡಿಯನ್ನು ಮಾತ್ರ ಮರುಚಾಲನೆ ಮಾಡಬಹುದು, ವಿಎಂಗಳು ನಡೆಯುತ್ತಲೇ ಇರುತ್ತವೆ. ಅದಕ್ಕೂ ಬಗ್ಗದಿದ್ದರೆ ನಿಮ್ಮ ದಾರಿ ಹಿಡಿಯಲು ನನ್ನ ಅಭ್ಯಂತರವಿಲ್ಲ.

ಝೆನ್‌ಬಳಕೆದಾರ

ಬೇರೆ ಹೈಪರ್‌ವೈಸರ್‌ಗಳಲ್ಲಿಯೂ ಕಥೆ ಹೆಚ್ಚೇನೂ ಭಿನ್ನವಾಗಿಲ್ಲ. ಎಕ್ಸ್‌ಸಿಪಿ-ಎನ್‌ಜಿ ಮತ್ತು ಝೆನ್‌ಸರ್ವರ್‌ಗಳಲ್ಲಿ ಸ್ಟೋರೇಜ್ ರೆಪಾಸಿಟರಿ ಒಂದೊಂದು ಹೋಸ್ಟ್‌ಗೂ ಪಿಬಿಡಿ ಎಂಬ ಕೊಂಡಿಯ ಮೂಲಕ ಜೋಡಣೆಯಾಗಿರುತ್ತದೆ. ಬಿಡಿಸುವುದೆಂದರೆ ಆ ಪಿಬಿಡಿಯನ್ನು ಅನ್‌ಪ್ಲಗ್ ಮಾಡುವುದು. ಅನ್‌ಪ್ಲಗ್ ಆಗದಿದ್ದಾಗ ನಾನು ಮೊದಲು ನೋಡುವುದು ಯಾವುದಾದರೂ ವಿಎಂನ ಸಿಡಿ ಡ್ರೈವ್‌ನಲ್ಲಿ ಮರೆತುಹೋದ ಐಎಸ್‌ಒ ಇದೆಯೇ ಎಂದು. ಆಮೇಲೆ ಎಚ್‌ಎಗೆ ಸೇರಿದ ಸ್ಟೇಟ್‌ಫೈಲ್ ಅದೇ ರೆಪಾಸಿಟರಿಯಲ್ಲಿದೆಯೇ ಎಂದು ನೋಡುತ್ತೇನೆ. ಪೂಲ್‌ನ ಡೀಫಾಲ್ಟ್ ರೆಪಾಸಿಟರಿಯಾಗಿ, ಅಥವಾ ಸಸ್ಪೆಂಡ್ ಮಾಡಿದ ವಿಎಂಗಳ ಇಮೇಜ್ ಇಡುವ ಜಾಗವಾಗಿ ಅದರ ಗುರುತು ಉಳಿದಿದ್ದರೆ ಅದನ್ನೂ ಬದಲಿಸಿಬಿಡುವುದು ಒಳ್ಳೆಯದು.

ನಿಂತುಹೋದ ವಿಎಂನ ವಿಡಿಐ (ವರ್ಚುವಲ್ ಡಿಸ್ಕ್) ಮಾತ್ರ ಇನ್ನೂ ಬಳಕೆಯಲ್ಲಿದೆ ಎಂದು ತೋರಿಸುವುದೂ ಉಂಟು, ಹೋಸ್ಟ್ ಏಕಾಏಕಿ ಕುಸಿದ ನಂತರ ವಿಶೇಷವಾಗಿ. ಅದರ ಗುರುತನ್ನು ಅಳಿಸಲು ಒಂದು ಸ್ಕ್ರಿಪ್ಟ್ ಇದೆ. ಆದರೆ ಆ ವಿಡಿಐ ನಿಜವಾಗಿಯೂ ಎಲ್ಲಿಯೂ ತೆರೆದಿಲ್ಲ ಎಂದು ಖಾತ್ರಿಯಾಗದೆ ಅದನ್ನು ಓಡಿಸಿದರೆ ಎರಡು ಕಡೆಯಿಂದ ಒಂದೇ ಡಿಸ್ಕ್‌ಗೆ ಬರೆದು ಡೇಟಾ ಹಾಳಾಗುವ ಅಪಾಯವಿದೆ.

ಕಂಬಿಮೇಲಿನಕಾಗೆ

ಪ್ರಾಕ್ಸ್‌ಮಾಕ್ಸ್‌ನಲ್ಲಿ ಇದಕ್ಕೆ ತದ್ವಿರುದ್ಧ. ಸ್ಟೋರೇಜ್ ತೆಗೆಯಿರಿ ಎಂದರೆ ಅದು ಮರುಮಾತಿಲ್ಲದೆ ಪಟ್ಟಿಯಿಂದ ತೆಗೆದುಬಿಡುತ್ತದೆ, ಆದರೆ ಮೌಂಟ್ ಹಾಗೆಯೇ ಉಳಿದಿರುತ್ತದೆ. ಸಂರಚನೆಯಿಂದ ತೆಗೆಯುವುದೆಂದರೆ ಅನ್‌ಮೌಂಟ್ ಮಾಡುವುದಲ್ಲ, ಸಂಪರ್ಕ ಕಡಿಯುವುದೂ ಅಲ್ಲ ಎಂದು ಅದರ ಕೈಪಿಡಿಯಲ್ಲಿಯೇ ಬರೆದಿದೆ, ಆದರೆ ಯಾರು ಓದುತ್ತಾರೆ? ಎನ್‌ಎಫ್‌ಎಸ್ ಆದರೆ ನೀವೇ ಅನ್‌ಮೌಂಟ್ ಮಾಡಬೇಕು. ಐಸ್ಕಸಿಯ ಮೇಲೆ ಎಲ್‌ವಿಎಂ ಇದ್ದರೆ ಮೊದಲು ವಾಲ್ಯೂಮ್ ಗ್ರೂಪ್ ನಿಷ್ಕ್ರಿಯಗೊಳಿಸಿ, ಆಮೇಲೆ ಮಲ್ಟಿಪಾತ್ ಮ್ಯಾಪ್ ತೆಗೆದು, ಕೊನೆಗೆ ಟಾರ್ಗೆಟ್‌ನಿಂದ ಲಾಗ್‌ಔಟ್ ಆಗಬೇಕು. ಪಟ್ಟಿಯಲ್ಲಿ ಇನ್ನೂ ಸಕ್ರಿಯವಾಗಿರುವಾಗಲೇ ಅನ್‌ಮೌಂಟ್ ಮಾಡಿದರೆ ಸ್ಟೋರೇಜ್‌ಗಳ ಸ್ಥಿತಿ ನೋಡುತ್ತಿರುವ ಪಿವಿಇಸ್ಟ್ಯಾಟ್‌ಡಿ ಸೇವೆ ಅದನ್ನು ಕೆಲ ಕ್ಷಣಗಳಲ್ಲಿ ಮತ್ತೆ ಮೌಂಟ್ ಮಾಡಿ ಕೂರುತ್ತದೆ.

ಸ್ಯಾನ್‌ಸಂಗಾತಿ

ಲಿನಕ್ಸ್‌ನಲ್ಲಿ ಅಷ್ಟೆಲ್ಲ ಬೇಕಿಲ್ಲ, ಲೇಜಿ ಅನ್‌ಮೌಂಟ್ ಎಂಬ ಆಯ್ಕೆಯಿದೆ, ತಕ್ಷಣ ಹೋಗುತ್ತದೆ.

ಕಂಬಿಮೇಲಿನಕಾಗೆ

ಹೋಗುವುದು ಹೆಸರು ಮಾತ್ರ. ಲೇಜಿ ಅನ್‌ಮೌಂಟ್ ಮಾಡಿದಾಗ ಡೈರೆಕ್ಟರಿ ಮರದಿಂದ ಮೌಂಟ್ ಮರೆಯಾಗುತ್ತದೆ, ಆದರೆ ಫೈಲ್ ತೆರೆದಿಟ್ಟುಕೊಂಡಿರುವ ಪ್ರಕ್ರಿಯೆ ಅದನ್ನು ಮುಚ್ಚುವ ತನಕ ಫೈಲ್ ಸಿಸ್ಟಂ ಒಳಗೊಳಗೇ ಜೀವಂತವಾಗಿರುತ್ತದೆ. ಆಗ ಅದನ್ನು ಹುಡುಕಲು ದಾರಿಯ ಹೆಸರು ಕೂಡ ಇರುವುದಿಲ್ಲ. ಕೆಳಗಿನ ಡಿವೈಸ್ ಅನ್ನು ತೆಗೆಯಲು ಹೋದಾಗ ಮತ್ತೆ ಅದೇ ಗೋಡೆಗೆ ಹಣೆ ಚಚ್ಚಿಕೊಳ್ಳುತ್ತೀರಿ, ಈ ಬಾರಿ ದೀಪವೂ ಇಲ್ಲದೆ.

ತಂತಿಜಾಲ

ಇಎಸ್‌ಎಕ್ಸ್‌ಐಗೆ ಮರಳೋಣ. ಅರ್ಧರಾತ್ರಿಪಾಳಿಯವರೇ, ಹೊಸ ಡೇಟಾಸ್ಟೋರ್‌ನಲ್ಲಿ ಈ ಹೋಸ್ಟ್‌ಗೆಂದೇ ಒಂದು ಫೋಲ್ಡರ್ ಸೃಷ್ಟಿಸಿ, ಲಾಕರ್ ಎಂಬುದರ ಮುಂದೆ ಹೋಸ್ಟ್‌ನ ಹೆಸರು ಸೇರಿಸಿದರೆ ಮುಂದೆ ನೋಡುವವರಿಗೆ ಗೊಂದಲವಾಗುವುದಿಲ್ಲ. ಎರಡು ಹೋಸ್ಟ್‌ಗಳಿಗೆ ಒಂದೇ ಸ್ಕ್ರ್ಯಾಚ್ ಫೋಲ್ಡರ್ ಕೊಡಕೂಡದು. ಫೋಲ್ಡರ್ ಸೃಷ್ಟಿಯಾದ ಮೇಲೆ ಅದರ ಪೂರ್ಣ ದಾರಿಯನ್ನು ‘ಕಾನ್ಫಿಗರ್ಡ್’ ಸಾಲಿನಲ್ಲಿ ಬರೆದು, ಹೋಸ್ಟ್ ಅನ್ನು ಮೇಂಟೆನೆನ್ಸ್ ಮೋಡ್‌ಗೆ ಒಯ್ದು ರೀಬೂಟ್ ಮಾಡಿ. ಎದ್ದ ಮೇಲೆ ‘ಕರೆಂಟ್’ ಸಾಲು ಹೊಸ ಜಾಗವನ್ನು ತೋರಿಸುತ್ತಿದೆಯೇ ಎಂದು ನೋಡದೆ ಮುಂದಿನ ಹೆಜ್ಜೆ ಇಡಬೇಡಿ. ಕೊಟ್ಟ ಜಾಗ ಸಿಗದಿದ್ದರೆ ಹೋಸ್ಟ್ ಮೆಮೊರಿಯೊಳಗಿನ ತಾತ್ಕಾಲಿಕ ಜಾಗವನ್ನು ಸ್ಕ್ರ್ಯಾಚ್ ಆಗಿ ಬಳಸಿಕೊಂಡು ಸುಮ್ಮನಿರುತ್ತದೆ. ಆಗ ಪ್ರತಿ ರೀಬೂಟ್‌ಗೂ ಲಾಗ್‌ಗಳು ಅಳಿಸಿಹೋಗುತ್ತವೆ.

ಹೊಸಬ_ಅಡ್ಮಿನ್

ಲಾಗ್ ಫೋಲ್ಡರ್ ಒಂದನ್ನೇ ಬೇರೆಡೆಗೆ ಬದಲಿಸಿದರೆ ರೀಬೂಟ್ ತಪ್ಪಿಸಬಹುದಲ್ಲವೇ? ಹಿಡಿದುಕೊಂಡಿರುವುದು ವಿಎಂಸಿಸ್‌ಲಾಗ್‌ಡಿ ಎಂದು ಹೇಳಿದಿರಿ.

ಲಾಗ್‌ಓದುಗ

ಒಳ್ಳೆಯ ಪ್ರಶ್ನೆ. ಲಾಗ್ ಫೋಲ್ಡರ್‌ನ ಬದಲಾವಣೆ ಸಿಸ್‌ಲಾಗ್ ರೀಲೋಡ್ ಮಾಡಿದ ಕೂಡಲೇ ಜಾರಿಗೆ ಬರುತ್ತದೆ, ನಿಜ. ಡೇಟಾಸ್ಟೋರ್‌ನ ಹೆಸರನ್ನೇ ಲಾಗ್ ಸೆಟ್ಟಿಂಗ್‌ನಲ್ಲಿ ನೇರವಾಗಿ ಬರೆದಿರುವ ಹೋಸ್ಟ್‌ಗಳಲ್ಲಿ ಅಷ್ಟೇ ಸಾಕು. ಇಲ್ಲಿ ಸ್ಕ್ರ್ಯಾಚ್ ಕೂಡ ಅದೇ ಡೇಟಾಸ್ಟೋರ್‌ನಲ್ಲಿದೆ, ಮತ್ತು ಅದನ್ನು ಬಳಸುವುದು ಸಿಸ್‌ಲಾಗ್ ಒಂದೇ ಅಲ್ಲ. ಈಗ ಹೇಗೋ ತಪ್ಪಿಸಿಕೊಂಡು ಅನ್‌ಮೌಂಟ್ ಮಾಡಿದರೂ, ಮುಂದಿನ ಬೂಟ್‌ನಲ್ಲಿ ಇಲ್ಲದ ಡೇಟಾಸ್ಟೋರ್ ಅನ್ನು ಹುಡುಕುವ ಸೆಟ್ಟಿಂಗ್ ಹಾಗೆಯೇ ಉಳಿದಿರುತ್ತದೆ.

ಅರ್ಧರಾತ್ರಿಪಾಳಿ

ಸ್ಕ್ರ್ಯಾಚ್ ಬದಲಿಸಿ ರೀಬೂಟ್ ಮಾಡಿದೆ. ‘ಕರೆಂಟ್’ ಸಾಲು ಹೊಸ ಜಾಗವನ್ನು ತೋರಿಸುತ್ತಿದೆ. ಅನ್‌ಮೌಂಟ್ ಯಾವ ತಕರಾರೂ ಇಲ್ಲದೆ ಆಯಿತು, ಮೂರೂ ಹೋಸ್ಟ್‌ಗಳಲ್ಲಿ ಡಿಟ್ಯಾಚ್ ಕೂಡ ಮುಗಿದಿದೆ. ಎನ್‌ಎಎ ಗುರುತನ್ನು ಸ್ಟೋರೇಜ್ ತಂಡಕ್ಕೆ ಕೊಟ್ಟಿದ್ದೇನೆ. ಇನ್ನೆರಡು ಸಂದೇಹಗಳಿವೆ. ಎಚ್‌ಎ ಈಗ ಹಾರ್ಟ್‌ಬೀಟ್ ಡೇಟಾಸ್ಟೋರ್‌ಗಳು ಕಡಿಮೆ ಇವೆ ಎಂದು ಎಚ್ಚರಿಸುತ್ತಿದೆ. ಮತ್ತೊಂದು, ಡಿಟ್ಯಾಚ್ ಆದ ಡಿವೈಸ್ ಪಟ್ಟಿಯಲ್ಲಿ ಬೂದು ಬಣ್ಣದಲ್ಲಿ ಉಳಿದಿದೆ, ಅದನ್ನು ಏನು ಮಾಡಬೇಕು?

ಬ್ಲಾಕ್‌ಬಳಗ

ಎನ್‌ಎಎ ಗುರುತಿನೊಂದಿಗೆ ಕೋರಿಕೆ ಕಳಿಸಿದ್ದಕ್ಕೆ ನಿಮ್ಮ ಸ್ಟೋರೇಜ್ ತಂಡದ ಪರವಾಗಿ ನಾನೇ ಧನ್ಯವಾದ ಹೇಳುತ್ತೇನೆ.

ತಂತಿಜಾಲ

ಎಚ್‌ಎ ಡೀಫಾಲ್ಟ್ ಆಗಿ ಪ್ರತಿ ಹೋಸ್ಟ್‌ಗೆ 2 ಹಾರ್ಟ್‌ಬೀಟ್ ಡೇಟಾಸ್ಟೋರ್‌ಗಳನ್ನು ಬಯಸುತ್ತದೆ. ಹಳೆಯದು ಹೋದ ಮೇಲೆ ನಿಮ್ಮಲ್ಲಿ ಹಂಚಿಕೆಯ ಡೇಟಾಸ್ಟೋರ್ ಒಂದೇ ಉಳಿದಿದೆ ಎಂದು ಕಾಣುತ್ತದೆ. ಎಚ್ಚರಿಕೆಯನ್ನು ಅಡಗಿಸುವ ಸೆಟ್ಟಿಂಗ್ ಇದೆ, ಆದರೆ ಹೊಸ ಅರೇಯಲ್ಲಿ ಜಾಗವಿದ್ದರೆ ಇನ್ನೊಂದು ಲನ್ ಕೊಡಿಸಿಕೊಂಡು ಡೇಟಾಸ್ಟೋರ್ ಮಾಡುವುದನ್ನೇ ನಾನು ಇಷ್ಟಪಡುತ್ತೇನೆ.

ಮರುಚಾಲನೆ

ಒಂದೇ ಅರೇಯ ಎರಡು ಲನ್‌ಗಳಿಂದ ಹಾರ್ಟ್‌ಬೀಟ್‌ಗೆ ಏನು ಲಾಭ? ಅರೇ ಹೋದರೆ ಎರಡೂ ಹೋಗುತ್ತವೆ. ಎಚ್ಚರಿಕೆ ಅಡಗಿಸಿದರೂ ನಷ್ಟವಿಲ್ಲ.

ತಂತಿಜಾಲ

ಅರೇ ಹೋದರೆ ಹಾರ್ಟ್‌ಬೀಟ್‌ನ ಜೊತೆ ವಿಎಂಗಳೂ ಹೋಗುತ್ತವೆ, ಆ ಮಾತು ಬೇರೆ. ಒಂದು ಲನ್‌ನ ಮ್ಯಾಪಿಂಗ್ ತಪ್ಪಿದಾಗ ಅಥವಾ ಅದರ ಸಂಪರ್ಕ ಮಾತ್ರ ಕಡಿದಾಗ ಎರಡನೆಯದು ಉಪಯೋಗಕ್ಕೆ ಬರುತ್ತದೆ. ಆದರೂ ಇದರಲ್ಲಿ ಇಬ್ಬರ ಅಭಿಪ್ರಾಯಕ್ಕೂ ಜಾಗವಿದೆ, ಅವರ ಅನುಕೂಲಕ್ಕೆ ಬಿಡೋಣ.

ಲಾಗ್‌ಓದುಗ

ಬೂದು ಬಣ್ಣದ ಡಿವೈಸ್ ಬಗ್ಗೆ: ಸ್ಟೋರೇಜ್ ತಂಡದವರು ಮ್ಯಾಪಿಂಗ್ ತೆಗೆದದ್ದು ಖಚಿತವಾದ ಮೇಲೆ ಮೂರೂ ಹೋಸ್ಟ್‌ಗಳಲ್ಲಿ ರೀಸ್ಕ್ಯಾನ್ ಮಾಡಿ. ಡಿವೈಸ್ ಪಟ್ಟಿಯಿಂದ ಹೋಗುತ್ತದೆ. ಆದರೆ ಆ ಗುರುತು ಆಫ್ ಆಗಿದೆ ಎಂಬ ದಾಖಲೆಯನ್ನು ಹೋಸ್ಟ್ ತನ್ನೊಳಗೆ ಇಟ್ಟುಕೊಂಡಿರುತ್ತದೆ. ‘ಇಎಸ್‌ಎಕ್ಸ್‌ಸಿಎಲ್‌ಐ ಸ್ಟೋರೇಜ್ ಕೋರ್ ಡಿವೈಸ್ ಡಿಟ್ಯಾಚ್ಡ್ ಲಿಸ್ಟ್’ ಓಡಿಸಿದರೆ ಅದು ಕಾಣುತ್ತದೆ, ಅದೇ ಗುಂಪಿನ ‘ರಿಮೂವ್’ ಆದೇಶಕ್ಕೆ ಎನ್‌ಎಎ ಗುರುತು ಕೊಟ್ಟರೆ ಹೋಗುತ್ತದೆ. ಹಾಗೇ ಬಿಟ್ಟರೂ ತಕ್ಷಣಕ್ಕೆ ತೊಂದರೆಯಿಲ್ಲ. ಅದೇ ಲನ್ ಅನ್ನು ಯಾವಾಗಲಾದರೂ ಮತ್ತೆ ಈ ಹೋಸ್ಟ್‌ಗಳಿಗೆ ಕೊಟ್ಟರೆ ಮಾತ್ರ ಅದು ಆಫ್ ಆದ ಸ್ಥಿತಿಯಲ್ಲೇ ಬಂದು ನಿಲ್ಲುತ್ತದೆ, ಆಗ ಡಿವೈಸ್ ಕಾಣುತ್ತಿದ್ದರೂ ಡೇಟಾಸ್ಟೋರ್ ಏಕೆ ಬರುತ್ತಿಲ್ಲ ಎಂದು ತಲೆ ಕೆಡಿಸಿಕೊಳ್ಳಬೇಕಾಗುತ್ತದೆ.

ಅರ್ಧರಾತ್ರಿಪಾಳಿ

ಮ್ಯಾಪಿಂಗ್ ನಾಳೆಯ ನಿರ್ವಹಣಾ ಅವಧಿಯಲ್ಲಿ ತೆಗೆಯುತ್ತಾರಂತೆ. ರೀಸ್ಕ್ಯಾನ್ ಆದ ಮೇಲೆ ಮೂರೂ ಕಡೆ ಆ ದಾಖಲೆಗಳನ್ನು ತೆಗೆಯುತ್ತೇನೆ. ಎಸ್‌ಡಿ ಕಾರ್ಡ್ ಬದಲಿಗೆ ಮೂರನೆಯ ಹೋಸ್ಟ್‌ಗೂ ಒಳಗೇ ಒಂದು ಡಿಸ್ಕ್ ಹಾಕಿಸಬೇಕೆಂದು ಕೋರಿಕೆ ಬರೆಯುತ್ತಿದ್ದೇನೆ.

ಸ್ಯಾನ್‌ಸಂಗಾತಿ

ಡಿಸ್ಕ್ ಬಂದ ದಿನ ಇಎಸ್‌ಎಕ್ಸ್‌ಐ ಅನ್ನು ಅದರ ಮೇಲೆ ಹೊಸದಾಗಿ ಇನ್‌ಸ್ಟಾಲ್ ಮಾಡುವುದೇ ಲೇಸು. ಆ ಬಳಿಕ ಸ್ಕ್ರ್ಯಾಚ್ ಮತ್ತು ಕೋರ್‌ಡಂಪ್ ಎಲ್ಲಿ ಕುಳಿತಿವೆ ಎಂಬುದನ್ನು ಮತ್ತೊಮ್ಮೆ ನೋಡಿಕೊಳ್ಳಿ. ಹಾಗೆಯೇ ಸ್ಟೋರೇಜ್‌ಆರ್‌ಎಂ ಬಗ್ಗೆ ನಾನು ಹೇಳಿದ್ದನ್ನು ಎಲ್ಲಾದರೂ ಬರೆದಿಟ್ಟುಕೊಳ್ಳಿ, ಮುಂದಿನ ಡೇಟಾಸ್ಟೋರ್‌ಗೆ ಬೇಕಾದೀತು.